ಪತ್ರಿ ಶಿವನಿಗೆ, ಕಾಯಿ ಯಾರಿಗೆ?

ಶ್ರಾವಣ ಸೋಮವಾರ ಬಂತೆಂದರೆ ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯ ಶಿವನ ಗುಡಿಗಳಲ್ಲಿ ಲಿಂಗ ಮುಚ್ಚುವಷ್ಟು ಬಿಲ್ಪತ್ರಿ ಏರುತ್ತದೆ. ಮೂರೆಲೆಯ ದಳ ಹರಿದಿರಬಾರದು, ಹುಳು ತಿಂದಿರಬಾರದು ಎಂದು ಆರಿಸಿ ತರುವ ಭಕ್ತಿಗೆ ಕೊರತೆಯಿಲ್ಲ. ಅದೇ ಮರದ ಕಾಯಿಯನ್ನು ಮಾತ್ರ ಕೇಳುವವರಿಲ್ಲ. ಬೇಸಿಗೆ ಬಲಿತಂತೆ ಅದು ಹಣ್ಣಾಗಿ, ತೊಟ್ಟು ಕಳಚಿ, ಗುಡಿಯ ಪೌಳಿಯಲ್ಲಿ ಬಿದ್ದು ಒಡೆದು ಇರುವೆಯ ಪಾಲಾಗುತ್ತದೆ. ಊರಿನ ಪನ್ಸಾರಿ ಅಂಗಡಿಯಲ್ಲಿ ಅದೇ ಕಾಯಿಯ ಒಣಹೋಳು ‘ಬೇಲ್‌ಗಿರಿ’ ಎಂಬ ಹೆಸರಿನಲ್ಲಿ ತೂಕಕ್ಕೆ ಸಿಗುತ್ತದೆ.

ಈಚೆಗೆ ಒಣಹಣ್ಣುಗಳ ಗುಣಗಾನದಲ್ಲಿ ಇನ್ನೊಂದು ಹೆಸರು ಸೇರಿಕೊಂಡಿದೆ: ಒಣಗಿಸಿದ ಕ್ವಿನ್ಸ್. ಹೊಟ್ಟೆಗೆ ಒಳ್ಳೆಯದು, ಗಂಟಲಿಗೆ ಒಳ್ಳೆಯದು, ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೂ ಒಳ್ಳೆಯದು ಎಂದು ಅದರ ಪಟ್ಟಿ ಬೆಳೆಯುತ್ತಲೇ ಇದೆ. ಇದರಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ ಎಂದು ಸೋಸಿ ನೋಡಲು ಕಲಬುರಗಿ ಜಿಲ್ಲೆಯ ಪೂರ್ವದಂಚಿನ ಈ ಸೀಮೆಗಿಂತ ತಕ್ಕ ಜಾಗ ಕಡಿಮೆ. ಕ್ವಿನ್ಸ್ ಇಲ್ಲಿ ಬೆಳೆಯುವುದಿಲ್ಲ, ಆದರೆ ಅದರ ಬೀಜ ಹಕೀಮರ ಔಷಧಿಯಾಗಿ ತಲೆಮಾರುಗಳಿಂದ ಇಲ್ಲಿ ಓಡಾಡಿದೆ. ಕ್ವಿನ್ಸ್‌ನ ಒಣ ತಿರುಳಿನಿಂದ ಬೇರೆ ನಾಡುಗಳು ಹೊಟ್ಟೆಗೆ ಮಾಡಿಕೊಂಡ ಉಪಕಾರವನ್ನು ಈ ನಾಡಿಗೆ ಮಾಡಿಕೊಟ್ಟದ್ದು ಬಿಲ್ವದ ಒಣಕಾಯಿ.

ಕ್ವಿನ್ಸ್ ಗುಲಾಬಿ ಕುಟುಂಬದ ಹಣ್ಣು. ಸೇಬು, ಪೇರ್‌ಗಳ ಹತ್ತಿರದ ಬಂಧು. ಸಸ್ಯಶಾಸ್ತ್ರದಲ್ಲಿ ಸಿಡೋನಿಯಾ ಆಬ್ಲಾಂಗಾ. ಆ ಕುಲದಲ್ಲಿ ಇರುವುದು ಇದೊಂದೇ ಜಾತಿ. ಕಾಕಸಸ್ ಬೆಟ್ಟಗಳಿಂದ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಉತ್ತರ ಇರಾನಿನವರೆಗೆ ಹಬ್ಬಿದ ನಾಡು ಅದರ ತವರು. ಹಳದಿ ಸಿಪ್ಪೆ, ಅದರ ಮೇಲೆ ನವಿರಾದ ತುಪ್ಪಳ, ಕೋಣೆ ತುಂಬುವ ಪರಿಮಳ. ಹಸಿಯಾಗಿ ಕಚ್ಚಿದರೆ ಮಾತ್ರ ಹಲ್ಲು ಇಳಿಯದಷ್ಟು ಗಟ್ಟಿ, ನಾಲಿಗೆ ಎಳೆಯುವಷ್ಟು ಒಗರು. ಆ ಒಗರು ಟ್ಯಾನಿನ್‌ಗಳದ್ದು. ನಿಧಾನವಾಗಿ ಬೇಯಿಸಿದರೆ ತಿಳಿಹಳದಿ ತಿರುಳು ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದೆ. ಒಗರಿನ ಕಣಗಳೇ ಶಾಖದಲ್ಲಿ ಒಡೆದು ಬಣ್ಣದ ಕಣಗಳಾಗುವುದರಿಂದ ಹೀಗೆ. ಹಸಿಯಾಗಿ ತಿನ್ನಲಾಗದ ಹಣ್ಣನ್ನು ಜನ ಬೇಯಿಸಿದರು, ಸಕ್ಕರೆಯಲ್ಲಿ ಕುದಿಸಿ ಅಚ್ಚು ಹಾಕಿದರು, ಹೋಳು ಮಾಡಿ ಒಣಗಿಸಿದರು. ಇರಾನಿನಲ್ಲಿ ಅದು ಮಾಂಸದ ಸಾರಿಗೆ ಬೀಳುತ್ತದೆ, ಉಜ್ಬೆಕಿಸ್ತಾನದಲ್ಲಿ ಪಲಾವಿಗೆ, ಕಾಶ್ಮೀರದಲ್ಲಿ ಬದನೆಕಾಯಿಯ ಜೊತೆ ಬಾಣಲೆಗೆ. ತುರ್ಕಿಯಲ್ಲಿ ಎಲೆಯನ್ನೂ ಒಣಗಿಸಿಟ್ಟು ಕೆಮ್ಮಿಗೆ ಕಷಾಯ ಮಾಡುತ್ತಾರೆ.

ಒಣಗಿಸುವುದರಿಂದ ಹಣ್ಣಿಗೆ ಹೊಸ ಗುಣವೇನೂ ಬರುವುದಿಲ್ಲ. ಇದ್ದ ಗುಣ ಸಾಂದ್ರವಾಗುತ್ತದೆ. ಹಸಿ ಕ್ವಿನ್ಸ್‌ನಲ್ಲಿ ಶೇಕಡಾ 84ರಷ್ಟು ನೀರು. ಒಂದು ಕಿಲೊ ಒಣಹೋಳಿಗೆ ಸುಮಾರು ಐದು ಕಿಲೊ ತಿರುಳು ಬೇಕು. ನಾರು, ಪೆಕ್ಟಿನ್, ಟ್ಯಾನಿನ್, ಪೊಟ್ಯಾಸಿಯಂ ಇವು ಆ ಲೆಕ್ಕದಲ್ಲಿ ಹೆಚ್ಚುತ್ತವೆ. ಸಕ್ಕರೆಯೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ. ಹಸಿ ಹಣ್ಣಿನ 100 ಗ್ರಾಮಿನಲ್ಲಿ 15 ಮಿಲಿಗ್ರಾಮಿನಷ್ಟು ಇರುವ ಸಿ ಜೀವಸತ್ವ ಮಾತ್ರ ಬಿಸಿಗೂ ಗಾಳಿಗೂ ಸಿಕ್ಕಿ ಬಹುಪಾಲು ಹಾಳಾಗುತ್ತದೆ. ಆದ್ದರಿಂದ ಒಣ ಕ್ವಿನ್ಸ್ ಪೊಟ್ಟಣದ ಮೇಲೆ ಸಿ ಜೀವಸತ್ವದ ಹೊಗಳಿಕೆ ಕಂಡರೆ ನಂಬಬೇಕಾಗಿಲ್ಲ. ನಾರಿನ ಮಾತು, ಪೆಕ್ಟಿನ್ ಮಾತು ನಂಬಬಹುದು.

ಈ ಹಣ್ಣು ಕನ್ನಡನಾಡಿನ ವೈದ್ಯಕ್ಕೆ ಹೇಗೆ ಹತ್ತಿರವಾಯಿತು ಎನ್ನುವುದಕ್ಕೆ ದಖ್ಖನಿನ ಚರಿತ್ರೆಯನ್ನೇ ತೆರೆಯಬೇಕು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ನಿಂತ ಮೇಲೆ ಇರಾನಿನಿಂದ ಕವಿಗಳು, ವ್ಯಾಪಾರಿಗಳು, ಸೈನಿಕರು, ವೈದ್ಯರು ಇತ್ತ ಬರತೊಡಗಿದರು. ಚಿಂಚೋಳಿಯ ಉತ್ತರಕ್ಕಿರುವ ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕ್ಯಾಸ್ಪಿಯನ್ ದಂಡೆಯ ಗಿಲಾನಿನವನು. ಇತಿಹಾಸಕಾರ ಫಿರಿಶ್ತಾ ಹುಟ್ಟಿದ್ದು ಅದೇ ಕಡಲ ಪಕ್ಕದ ಅಸ್ತರಾಬಾದಿನಲ್ಲಿ. ಬಾಳಿದ್ದು ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ. ಇಬ್ಬರೂ ಕ್ವಿನ್ಸ್ ಕಾಡಿನಲ್ಲೇ ಬೆಳೆಯುವ ನಾಡಿನಿಂದ ಬಂದವರು. ಫಿರಿಶ್ತಾ ಚರಿತ್ರೆಯ ಜೊತೆಗೆ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನೂ ಫಾರಸಿಯಲ್ಲಿ ಬರೆದ. ಭಾರತದ ಮದ್ದು, ಭಾರತದ ವೈದ್ಯ ಕ್ರಮಗಳನ್ನು ಫಾರಸಿ ಬಲ್ಲವರಿಗೆ ತಿಳಿಸಿಕೊಡುವ ಪುಸ್ತಕ ಅದು. ಅಂದರೆ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿತ್ತು. ಆಚೆಯವರು ತಮ್ಮ ಮದ್ದನ್ನು ತಂದರು, ಇಲ್ಲಿಯ ಮದ್ದನ್ನು ಕಲಿತರು.

ಯುನಾನಿ ವೈದ್ಯದಲ್ಲಿ ಕ್ವಿನ್ಸ್‌ಗೆ ದೊಡ್ಡ ಸ್ಥಾನವಿದೆ. ಅರಬ್ಬಿಯಲ್ಲಿ ಅದು ಸಫರ್ಜಲ್. ಇಬ್ನ್ ಸೀನಾ 11ನೇ ಶತಮಾನದ ತನ್ನ ‘ಕಾನೂನ್’ ಗ್ರಂಥದಲ್ಲಿ ಅದರ ಗುಣವನ್ನು ವಿವರಿಸಿದ್ದಾನೆ. ಅದರ ಹೆಸರನ್ನೇ ಹೊತ್ತ ‘ಜವಾರಿಶ್ ಸಫರ್ಜಲಿ’ ಎಂಬ ಲೇಹ್ಯದಲ್ಲಿ ಎರಡು ಬಗೆ: ಒಂದು ಭೇದಿ ಕಟ್ಟಲು, ಇನ್ನೊಂದು ಹೊಟ್ಟೆ ಸಡಿಲಿಸಲು. ಒಂದೇ ಹಣ್ಣು ಎರಡು ವಿರುದ್ಧ ಕೆಲಸಕ್ಕೆ ಹೇಗೆ ಬರುತ್ತದೆ ಎಂಬ ಪ್ರಶ್ನೆ ಸಹಜ. ಸಡಿಲಿಸುವ ಬಗೆಯಲ್ಲಿ ಬೇರೆ ವಿರೇಚಕ ಮದ್ದುಗಳು ಸೇರಿರುತ್ತವೆ. ಕಟ್ಟುವ ಗುಣ ಹಣ್ಣಿನ ಒಗರಿನದ್ದು. ಹಣ್ಣಿನ ಮುರಬ್ಬಾ, ಶರಬತ್ತು, ರಸ ಕುದಿಸಿ ಗಟ್ಟಿ ಮಾಡಿದ ರುಬ್ಬ್ ಇವೂ ಅಲ್ಲಿ ಬಳಕೆಯಲ್ಲಿವೆ.

ಕಲಬುರಗಿ ಸೀಮೆಗೆ ಹೆಚ್ಚು ಪರಿಚಿತವಾದದ್ದು ಹಣ್ಣಿಗಿಂತ ಬೀಜ, ಅಂದರೆ ಬಿಹಿದಾನ. ಕಂದುಗೆಂಪು ಬಣ್ಣದ, ಒಂದಕ್ಕೊಂದು ಅಂಟಿಕೊಂಡು ಗುಂಪಾಗಿರುವ ಚಿಕ್ಕ ಬೀಜಗಳು. ಇವನ್ನು ನೀರಿನಲ್ಲಿ ಹಾಕಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸುತ್ತ ಲೋಳೆ ಬಿಡುತ್ತದೆ. ಒಂದು ಚಿಟಿಕೆ ಬೀಜ ಬಟ್ಟಲು ನೀರನ್ನು ದಪ್ಪ ಮಾಡುತ್ತದೆ. ಒಣಕೆಮ್ಮು, ಗಂಟಲು ಕೆರೆತ, ಉರಿ, ಜ್ವರದ ಬಾಯಾರಿಕೆ, ಆಮಶಂಕೆ ಇವುಗಳಿಗೆ ಹಕೀಮರು ಬರೆದುಕೊಡುವುದು ಇದನ್ನೇ. ನೆಗಡಿ ಕೆಮ್ಮಿಗೆ ಯುನಾನಿಯ ಪ್ರಸಿದ್ಧ ಕಷಾಯವೊಂದಿದೆ: 3 ಗ್ರಾಂ ಬಿಹಿದಾನ, 5 ಉನ್ನಾಬ್, 9 ಸಪಿಸ್ತಾನ್. ಉನ್ನಾಬ್ ನಮ್ಮ ಬಾರಿಹಣ್ಣಿನ ದಾಯಾದಿ. ಸಪಿಸ್ತಾನ್ ಎಂದರೆ ಈ ಭಾಗದ ಹೊಲದ ಬದುಗಳಲ್ಲಿ ಬೆಳೆಯುವ ಚಳ್ಳೆ ಹಣ್ಣು. ಎಳೆಗಾಯಿ ಉಪ್ಪಿನಕಾಯಿಗೆ, ಹಣ್ಣಿನ ಅಂಟು ಮಕ್ಕಳ ಗಾಳಿಪಟಕ್ಕೆ. ಕಾಶ್ಮೀರದ, ಇರಾನಿನ ಬೀಜವೊಂದು ಚಳ್ಳೆ ಹಣ್ಣಿನ ಜೊತೆ ಒಂದೇ ಪಾತ್ರೆಯಲ್ಲಿ ಕುದಿಯುತ್ತದೆ. ಮೂರೂ ಲೋಳೆಯ ವಸ್ತುಗಳೇ ಆಗಿರುವುದನ್ನು ಗಮನಿಸಬೇಕು. ಈ ಕಷಾಯದ ತರ್ಕ ಅಲ್ಲಿಯೇ ಇದೆ.

ಈ ಬಳಕೆ ಇಲ್ಲಿ ಬೇರೂರಲು ಆಡಳಿತವೂ ಕಾರಣ. 1948ರ ಸೆಪ್ಟೆಂಬರ್‌ವರೆಗೆ ಈ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಕರ್ನಾಟಕದ ಜೊತೆ ಕೂಡಿದ್ದು 1956ರ ನವೆಂಬರ್ 1ಕ್ಕೆ. ಸಂಸ್ಥಾನದಲ್ಲಿ ಯುನಾನಿಗೆ ಸರ್ಕಾರದ ಆಶ್ರಯವಿತ್ತು; ಚಾರ್‌ಮಿನಾರಿನ ಮಗ್ಗುಲಲ್ಲಿರುವ ನಿಜಾಮಿಯಾ ಯುನಾನಿ ಆಸ್ಪತ್ರೆ ಇಂದಿಗೂ ಅದರ ಸಾಕ್ಷಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ ಮೇಲೆ ಬೊಂಬಾಯಿಯ ಸರಕು ಹೈದರಾಬಾದಿಗೆ ಹೋಗುವ ದಾರಿ ವಾಡಿ ಜಂಕ್ಷನ್ನೇ ಆಯಿತು. ಪರ್ಷಿಯಾ ಕೊಲ್ಲಿಯಿಂದ ಬೊಂಬಾಯಿ ಬಂದರಿಗೆ ಇಳಿಯುತ್ತಿದ್ದ ಔಷಧಿ ಸರಕಿನಲ್ಲಿ ಬಿಹಿದಾನವೂ ಒಂದು. ಹೈದರಾಬಾದಿನಲ್ಲಿ 1920ರಲ್ಲಿ ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿ ಆರಂಭಿಸಿದ ‘ಜಿಂದಾ ತಿಲಿಸ್ಮಾತ್’ ಶೀಶೆ ಚಿತ್ತಾಪುರ, ಶಹಾಬಾದಿನ ಎಷ್ಟೋ ಮನೆಗಳ ಗೂಡಿನಲ್ಲಿ ಜಾತಿ ಮತದ ಭೇದವಿಲ್ಲದೆ ನಿಂತದ್ದನ್ನು ನೆನೆದರೆ ಹಕೀಮರ ಮದ್ದು ಎಷ್ಟು ಸಲೀಸಾಗಿ ಇಲ್ಲಿ ಒಗ್ಗಿತ್ತೆಂಬುದು ತಿಳಿಯುತ್ತದೆ. ಇಂದು ಕಲಬುರಗಿಯಲ್ಲಿ ಟಿಪ್ಪು ಸುಲ್ತಾನ್ ಯುನಾನಿ ವೈದ್ಯ ಕಾಲೇಜು, ಹಿಂಗುಲಾಂಬಿಕಾ ಆಯುರ್ವೇದ ಕಾಲೇಜು ಎರಡೂ ಇವೆ. 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಬೆಂಗಳೂರಿನಲ್ಲಿದೆ.

ಬಿಹಿದಾನದ ಲೋಳೆ ಗಂಟಲಿಗೆ ಹಿತ ಕೊಡುವುದಕ್ಕೆ ದೊಡ್ಡ ರಹಸ್ಯವಿಲ್ಲ. ಬೀಜದ ಹೊರಪದರದಲ್ಲಿ ನೀರು ಹೀರಿ ಹಿಗ್ಗುವ ಸಕ್ಕರೆಸರಣಿಗಳಿವೆ. ಅವು ಕೆರೆದ ಗಂಟಲ ಮೇಲೆ ತೆಳುವಾಗಿ ಹರಡಿ, ಕೆಮ್ಮನ್ನು ಕೆರಳಿಸುವ ನರಗಳನ್ನು ಕೊಂಚ ಹೊತ್ತು ಸುಮ್ಮನಿರಿಸುತ್ತವೆ. ಸೋಂಕನ್ನು ಅವು ಕೊಲ್ಲುವುದಿಲ್ಲ. ಹಣ್ಣಿನ ವಿಷಯದಲ್ಲಿ ಇರಾನಿನ ವೈದ್ಯರು ಕೆಲವು ಪ್ರಯೋಗ ನಡೆಸಿದ್ದಾರೆ: ಗರ್ಭಿಣಿಯರ ವಾಕರಿಕೆಗೆ, ಎದೆಯುರಿಗೆ ಕ್ವಿನ್ಸ್ ಪಾನಕ ಕೊಟ್ಟು, ಬಳಕೆಯಲ್ಲಿರುವ ಮಾತ್ರೆಗಳ ಜೊತೆ ಹೋಲಿಸಿದ್ದಾರೆ. ಫಲ ಆಶಾದಾಯಕವಾಗಿದ್ದರೂ ಪ್ರಯೋಗಗಳು ಚಿಕ್ಕವು. ಬೇರೆ ದೇಶಗಳಲ್ಲಿ ದೊಡ್ಡ ಸಂಖ್ಯೆಯ ರೋಗಿಗಳ ಮೇಲೆ ಮತ್ತೆ ಪರೀಕ್ಷಿಸುವವರೆಗೆ ಅದನ್ನು ಊಟದ ಜೊತೆಗಿನ ಸಹಾಯ ಎಂದು ಎಣಿಸುವುದು ಸರಿ. ಹೃದಯ, ಕ್ಯಾನ್ಸರ್, ಸಕ್ಕರೆ ಕಾಯಿಲೆಯ ಮಾತೆಲ್ಲ ಬಹುಮಟ್ಟಿಗೆ ಪ್ರಯೋಗಾಲಯದ ಗಾಜಿನ ತಟ್ಟೆ ಮತ್ತು ಇಲಿಗಳ ಹಂತದವು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಬಿಹಿದಾನದ ತಿರುಳಿನಲ್ಲಿ ಅಮಿಗ್ಡಾಲಿನ್ ಇದೆ. ಕಹಿಬಾದಾಮಿಯಲ್ಲಿ, ಸೇಬಿನ ಬೀಜದಲ್ಲಿ ಇರುವುದೂ ಅದೇ. ಜಗಿದರೆ, ಅರೆದರೆ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಹಳೆಯ ಹಕೀಮರು ಇಡೀ ಬೀಜವನ್ನು ನೆನೆಸಿ, ಲೋಳೆ ಸೋಸಿ, ಬೀಜ ಚೆಲ್ಲುತ್ತಿದ್ದ ಕ್ರಮದಲ್ಲಿ ದೊಡ್ಡ ವಿವೇಕವಿತ್ತು. ಈಗ ಬಿಹಿದಾನವನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ ಹಾಲಿಗೆ ಬೆರೆಸಿ ಕುಡಿಯಿರಿ ಎನ್ನುವ ಸಲಹೆ ಕಂಡರೆ ಅದನ್ನು ಕೇಳಬಾರದು. ಮಕ್ಕಳಿಗಂತೂ ಬೇಡವೇ ಬೇಡ.

ಇನ್ನು ಬಿಲ್ವದ ಕಡೆಗೆ. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ತನ್ನ ಸಂವಾದ ಗ್ರಂಥದಲ್ಲಿ ಬಿಲ್ವದ ಕಾಯಿಯನ್ನು ಬಂಗಾಳದ ಕ್ವಿನ್ಸ್ ಎಂದು ಕರೆದು, ರಕ್ತಭೇದಿಗೆ ಅದು ಬಳಕೆಯಾಗುವುದನ್ನು ಬರೆದ. ಈತ ಅಹ್ಮದ್‌ನಗರದ ಬುರ್ಹಾನ್ ನಿಜಾಂಶಾಹನಿಗೂ ಚಿಕಿತ್ಸೆ ಮಾಡಿದವನು. ದಖ್ಖನಿನ ಹಕೀಮರ ಜೊತೆ ಕೂತು ಮಾತಾಡಿದವನು. ಇಂಗ್ಲಿಷರು ಆ ಹೆಸರನ್ನೇ ಮುಂದುವರಿಸಿದರು. ಏಗಲ್ ಮಾರ್ಮೆಲೋಸ್ ಎಂಬ ಸಸ್ಯಶಾಸ್ತ್ರದ ಹೆಸರಿನಲ್ಲೂ ಕ್ವಿನ್ಸ್‌ನ ಪೋರ್ಚುಗೀಸ್ ಹೆಸರು ಉಳಿದುಬಂದಿದೆ. ಮರಗಳಿಗೆ ಕುಲಸಂಬಂಧವಿಲ್ಲ, ಬಿಲ್ವ ನಿಂಬೆ, ಕಿತ್ತಳೆಯ ಕುಟುಂಬದ್ದು. ಓರ್ತಾನ ಕಣ್ಣಿಗೆ ಬಿದ್ದದ್ದು ಬಳಕೆಯ ಹೋಲಿಕೆ. ಎರಡೂ ಪರಿಮಳದ ಹಣ್ಣು, ಎರಡರಲ್ಲೂ ಒಗರು ಮತ್ತು ಲೋಳೆ ಜೊತೆಯಾಗಿವೆ, ಎರಡೂ ಹೊಟ್ಟೆಯ ಮದ್ದು, ಎರಡೂ ಮುರಬ್ಬಾಕ್ಕೆ ಹೇಳಿಸಿದ್ದು.

ದಕ್ಷಿಣ ಕರ್ನಾಟಕದವರು ಬೇಲದ ಹಣ್ಣು ಎನ್ನುವುದು, ಇತ್ತ ಬಳವಲ ಎನಿಸಿಕೊಳ್ಳುವುದು, ಬೇರೆ ಮರ. ಅದರ ತೊಗಟೆ ಒರಟು, ತಿರುಳು ಹುಳಿ, ಬೆಲ್ಲ ಹಾಕಿ ಪಾನಕ ಮಾಡುವಂಥದ್ದು. ಬಿಲ್ವದ ಕಾಯಿಯ ಚಿಪ್ಪು ನಯ. ಹಸಿರಿನಿಂದ ಹಳದಿಗೆ ತಿರುಗುತ್ತದೆ. ಒಡೆದರೆ ಕಿತ್ತಳೆ ಬಣ್ಣದ ಸಿಹಿ ತಿರುಳು, ನಡುವೆ ಹತ್ತು ಹದಿನೈದು ಕೋಶ, ಪ್ರತಿ ಕೋಶದಲ್ಲೂ ಪಾರದರ್ಶಕ ಗೋಂದಿನಲ್ಲಿ ಮುಳುಗಿದ ರೋಮದ ಬೀಜ. ಅಂಗಡಿಯಲ್ಲಿ ಬೇಲ್‌ಗಿರಿ ಕೊಳ್ಳುವಾಗ ಈ ವ್ಯತ್ಯಾಸ ಗೊತ್ತಿರಬೇಕು, ಏಕೆಂದರೆ ಬಳವಲದ ಹೋಳನ್ನೂ ಮ್ಯಾಂಗೊಸ್ಟೀನ್ ಹಣ್ಣಿನ ಸಿಪ್ಪೆಯನ್ನೂ ಬಿಲ್ವದ ಹೆಸರಿನಲ್ಲಿ ಬೆರೆಸುವುದು ಔಷಧಿ ವ್ಯಾಪಾರದ ಹಳೆಯ ಮೋಸ. ನಿಜವಾದ ಬಿಲ್ವದ ಅಡ್ಡಹೋಳಿನಲ್ಲಿ ಕೋಶಗಳ ಸಾಲು ದುಂಡಗೆ ಕಾಣುತ್ತದೆ, ಬೀಜದ ಮೇಲಿನ ರೋಮ ಬೆರಳಿಗೆ ಸಿಗುತ್ತದೆ.

ಈ ಸೀಮೆಗೆ ವೈದ್ಯಶಾಸ್ತ್ರ ಹೊಸದಲ್ಲ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಜೈನಮುನಿ ಉಗ್ರಾದಿತ್ಯ ಮಾಂಸಾಹಾರದ ಹಿತಾಹಿತದ ಬಗ್ಗೆ ವಾದ ಮಂಡಿಸಿದ. ಅವನ ‘ಕಲ್ಯಾಣಕಾರಕ’ ಸಂಸ್ಕೃತದ ವೈದ್ಯಗ್ರಂಥ. ಮಾಂಸ, ಮದ್ಯ, ಜೇನು ಮೂರನ್ನೂ ಬಿಟ್ಟು ಸಸ್ಯ ಮತ್ತು ಖನಿಜಗಳಿಂದಲೇ ಚಿಕಿತ್ಸೆ ಕಟ್ಟುವ ಅಪರೂಪದ ಸಾಹಸ. ಮದ್ದೆಂದರೆ ಮರ, ಬಳ್ಳಿ, ಕಾಯಿ ಎಂದು ನಂಬಿದ ಪರಂಪರೆಯೊಂದು ಮಳಖೇಡದ ಕೋಟೆಯೊಳಗೆ ರಾಜನ ಮುಂದೆ ತನ್ನ ಮಾತು ಆಡಿತ್ತು ಎನ್ನುವುದು ಈ ಭಾಗದವರು ಮರೆಯಬಾರದ ಸಂಗತಿ.

ಆಯುರ್ವೇದದಲ್ಲಿ ಬಿಲ್ವದ ಬೇರು ದಶಮೂಲದ ಹತ್ತರಲ್ಲಿ ಒಂದು. ಕಾಯಿಯ ವಿಷಯದಲ್ಲಿ ‘ಭಾವಪ್ರಕಾಶ’ ಎಂಬ ಆಯುರ್ವೇದ ಗ್ರಂಥ ಒಂದು ವಿಶೇಷವನ್ನು ಹೇಳುತ್ತದೆ: ಉಳಿದ ಹಣ್ಣುಗಳೆಲ್ಲ ಮಾಗಿದ ಮೇಲೆ ಗುಣವುಳ್ಳವು, ಬಿಲ್ವ ಮಾತ್ರ ಎಳೆಯದೇ ಗುಣದಲ್ಲಿ ಮೇಲು. ಇದು ಸುಮ್ಮನೆ ಹೇಳಿದ ಮಾತಲ್ಲ. ಎಳೆಯ, ಅರೆಬಲಿತ ಕಾಯಿಯಲ್ಲಿ ಟ್ಯಾನಿನ್ ಹೆಚ್ಚು, ಸಕ್ಕರೆ ಕಡಿಮೆ. ಕರುಳನ್ನು ಬಿಗಿಸುವ ಗುಣ ಆಗಲೇ ಇರುವುದು. ಮಾಗಿದ ಹಣ್ಣಿನಲ್ಲಿ ಸಕ್ಕರೆ, ಪೆಕ್ಟಿನ್, ಲೋಳೆ ಮೇಲುಗೈಯಾಗಿ ಅದು ಹೊಟ್ಟೆಯನ್ನು ಸಡಿಲಿಸುವ ಕಡೆಗೆ ವಾಲುತ್ತದೆ. ಒಂದೇ ಮರದ ಕಾಯಿ ಭೇದಿಗೂ, ಮಾಗಿದರೆ ಮಲಬದ್ಧತೆಗೂ ಸಲ್ಲುವುದು ಹೀಗೆ. ಒಣಗಿಸಿಡುವ ಪದ್ಧತಿಯ ಅಗತ್ಯವೂ ಇಲ್ಲಿಂದಲೇ ಹುಟ್ಟಿತು. ಮಾಗುವುದಕ್ಕೆ ಮುಂಚೆ ಚಳಿಗಾಲದಲ್ಲಿ ಕಿತ್ತ ಕಾಯಿಯ ಗುಣವನ್ನು, ಭೇದಿ ಕಾಡುವ ಮಳೆಗಾಲದವರೆಗೆ ಕಾಪಾಡಿಕೊಳ್ಳಲು ಒಣಗಿಸುವುದಕ್ಕಿಂತ ಸುಲಭದ ದಾರಿಯಿಲ್ಲ.

ಬ್ರಿಟಿಷರ ಕಾಲದಲ್ಲಿ ಈ ಒಣಕಾಯಿಗೆ ಸರ್ಕಾರಿ ಮನ್ನಣೆಯೂ ಸಿಕ್ಕಿತು. ಎಡ್ವರ್ಡ್ ಜಾನ್ ವೇರಿಂಗ್ ಸಂಪಾದಿಸಿದ 1868ರ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ದಲ್ಲಿ ಬಿಲ್ವಕ್ಕೆ ಜಾಗವಿದೆ, ಬ್ರಿಟಿಷ್ ಔಷಧಕೋಶದಲ್ಲೂ ಅರೆಮಾಗಿದ ಒಣಕಾಯಿಯ ದ್ರವಸಾರ ಸೇರಿತ್ತು. ಸಮುದ್ರ ದಾಟಿ ಹೋದ ಹೋಳುಗಳು ಹಳತಾಗಿ ಗುಣ ಕಳೆದುಕೊಂಡವೋ ಏನೋ, ಯುರೋಪಿನಲ್ಲಿ ಅದು ಹೆಚ್ಚು ಕಾಲ ನಿಲ್ಲಲಿಲ್ಲ.

ಬಿಲ್ವದ ಒಣಕಾಯಿಯ ಕಷಾಯ ನಿಜಕ್ಕೂ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟದ್ದು ಮುಂಬಯಿಯ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್ 2009ರಲ್ಲಿ ಪ್ರಕಟಿಸಿದ ಅಧ್ಯಯನ. ಹಳ್ಳಿಯ ಕ್ರಮದಂತೆಯೇ ಎಳೆಗಾಯಿಯ ಒಣತಿರುಳನ್ನು ನೀರಿನಲ್ಲಿ ಕುದಿಸಿ, ಆ ಕಷಾಯವನ್ನು ಭೇದಿ ತರುವ ಬ್ಯಾಕ್ಟೀರಿಯಾ, ಜಿಯಾರ್ಡಿಯಾ, ರೋಟಾವೈರಸ್‌ಗಳ ಮೇಲೆ ಪರೀಕ್ಷಿಸಿದರು. ಬ್ಯಾಕ್ಟೀರಿಯಾ ಒಂದೂ ಸಾಯಲಿಲ್ಲ. ಇಷ್ಟು ಕೇಳಿ ಬಿಲ್ವ ನಿರುಪಯೋಗಿ ಎಂದುಬಿಡಬಹುದಿತ್ತು. ಸಂಶೋಧಕರು ಅಲ್ಲಿಗೆ ನಿಲ್ಲಲಿಲ್ಲ. ಅದೇ ಬ್ಯಾಕ್ಟೀರಿಯಾಗಳು ಜೀವಕೋಶಕ್ಕೆ ಅಂಟುವುದು, ಒಳನುಗ್ಗುವುದು ಕಷಾಯ ಇದ್ದಾಗ ಗಮನಾರ್ಹವಾಗಿ ತಗ್ಗಿತು. ಕಾಲರಾ ವಿಷದ ಉತ್ಪತ್ತಿ ಕಡಿಮೆಯಾಯಿತು. ಆ ವಿಷ ಕರುಳಿನ ಕೋಶದ ಮೇಲೆ ಹಿಡಿಯುವ ಕೊಂಡಿಗೂ ತಡೆ ಬಿತ್ತು. ಜಿಯಾರ್ಡಿಯಾ ಮತ್ತು ರೋಟಾವೈರಸ್ ಮೇಲೆ ನೇರ ಪರಿಣಾಮವೂ ಕಂಡಿತು. ಇ. ಕೋಲಿಯ ಒಂದು ಬಗೆಯ ವಿಷದ ಮೇಲೆ ಯಾವ ಪರಿಣಾಮವೂ ಆಗಲಿಲ್ಲ. ಪ್ರಯೋಗಾಲಯದ ಫಲ ಇದು. ರೋಗಿಯ ಹೊಟ್ಟೆಯಲ್ಲಿ ಹೀಗೇ ನಡೆಯುತ್ತದೆಂದು ಹೇಳಲು ಇನ್ನಷ್ಟು ಪುರಾವೆ ಬೇಕು. ಆದರೂ ರೋಗಾಣುವನ್ನು ಕೊಲ್ಲದೆಯೇ ಅದರ ಕೈಕಾಲು ಕಟ್ಟಿಹಾಕುವ ಮದ್ದಿಗೆ ಬೇರೆಯದೇ ಬೆಲೆಯಿದೆ. ಪ್ರತಿಜೀವಕಗಳಿಗೆ ರೋಗಾಣುಗಳು ಬಗ್ಗದಂತಾಗುತ್ತಿರುವ ಈ ದಿನಗಳಲ್ಲಿ ಅದರ ಬಗ್ಗೆ ಇನ್ನೂ ಆಳವಾದ ಪರೀಕ್ಷೆ ನಡೆಯಲೇಬೇಕು.

ಆದರೆ ಭೇದಿಯಲ್ಲಿ ಮಗುವಿನ ಪ್ರಾಣ ತೆಗೆಯುವುದು ನೀರು ಮತ್ತು ಲವಣದ ನಷ್ಟ. ಬಿಲ್ವವಾಗಲಿ ಕ್ವಿನ್ಸ್ ಆಗಲಿ ಅದನ್ನು ತುಂಬಿಕೊಡಲಾರವು. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಿಂದ ಹಂಚಿ, ಶೇಕಡಾ 30ರ ಹತ್ತಿರವಿದ್ದ ಕಾಲರಾ ಸಾವನ್ನು ಶೇಕಡಾ 4ಕ್ಕಿಂತ ಕೆಳಗಿಳಿಸಿದರು. ಅಂದಿನಿಂದ ಓಆರ್‌ಎಸ್ ಪುಡಿಯೇ ಮೊದಲ ಮದ್ದು. ಮಕ್ಕಳಿಗೆ ಅದರ ಜೊತೆ 14 ದಿನ ಸತುವಿನ ಮಾತ್ರೆ. ಚಂದಾಪುರದಿಂದ ದೂರದ ಕುಂಚಾವರಂ ಕಾಡಿನಂಚಿನ ತಾಂಡಾಗಳವರೆಗೆ ಆಶಾ ಕಾರ್ಯಕರ್ತೆಯರ ಕೈಚೀಲದಲ್ಲಿ ಅದು ಇರುತ್ತದೆ. ಬೇಲ್‌ಗಿರಿ ಕಷಾಯ ದೊಡ್ಡವರ ಸಾದಾ ಭೇದಿಗೆ, ಹಳೆಯ ಆಮಶಂಕೆಗೆ ಒತ್ತಾಸೆಯಾಗಬಹುದು. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಮಗು ಮಂಕಾದರೆ ಕಷಾಯ ಕುದಿಸುತ್ತ ಕೂರಬಾರದು.

ಸಕ್ಕರೆ ಕಾಯಿಲೆಯ ವಿಷಯಕ್ಕೂ ಬರಬೇಕು, ಬಿಲ್ವದ ಎಲೆ ಮತ್ತು ಕಾಯಿಯ ಹೆಸರಿನಲ್ಲಿ ಅತಿ ಹೆಚ್ಚು ಮಾರಾಟ ನಡೆಯುವುದು ಅದಕ್ಕೇ. ಇಲಿಗಳಲ್ಲಿ ಬಿಲ್ವದ ಎಲೆಯ ಸಾರ ರಕ್ತದ ಸಕ್ಕರೆ ಇಳಿಸಿದ್ದು ಹಲವು ಬಾರಿ ದಾಖಲಾಗಿದೆ. ಮನುಷ್ಯರಲ್ಲಿ ಅದನ್ನು ಔಷಧಿಯೆಂದು ಒಪ್ಪುವಷ್ಟು ಗಟ್ಟಿ ಪುರಾವೆ ಬಂದಿಲ್ಲ. ಮಾತ್ರೆ ನುಂಗುತ್ತಿರುವವರು ಜೊತೆಗೆ ಇದನ್ನೂ ತೆಗೆದುಕೊಂಡರೆ ಸಕ್ಕರೆ ಅಳತೆ ಮೀರಿ ಇಳಿಯಬಹುದು. ಬಿಲ್ವದ ಮುರಬ್ಬಾ ತಿಂದರೆ ಸಕ್ಕರೆ ಪಾಕವೇ ಹೊಟ್ಟೆ ಸೇರುತ್ತದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಮಧುಮೇಹ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ ಅಪರಾಧ. ಪೊಟ್ಟಣದ ಮೇಲೆ ಅಂಥ ಮಾತು ಅಚ್ಚಾಗಿದ್ದರೆ ಒಳಗಿನ ಸರಕನ್ನೂ ಅನುಮಾನಿಸಬೇಕು. ಒಗರಿನ ಒಣಹೋಳನ್ನು ತಿಂಗಳುಗಟ್ಟಲೆ ಸೇವಿಸಿದರೆ ಮಲ ಗಟ್ಟಿಯಾಗಿ ಬೇರೆ ತೊಂದರೆ ಶುರುವಾಗುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಿಲ್ವದ ಮದ್ದಿಗೆ ಕೈಹಾಕಬಾರದು.

ಇಷ್ಟೆಲ್ಲ ಸೋಸಿದ ಮೇಲೂ ಉಳಿಯುವುದು ಸಣ್ಣದೇನಲ್ಲ: ಒಣ ಕ್ವಿನ್ಸ್‌ನಿಂದ ನಾರು ಮತ್ತು ಹೊಟ್ಟೆಯ ಹಿತ, ಬಿಹಿದಾನದಿಂದ ಗಂಟಲಿನ ಹಿತ, ಬೇಲ್‌ಗಿರಿಯಿಂದ ಭೇದಿಗೆ ತಡೆ. ಇವುಗಳಲ್ಲಿ ಕಲಬುರಗಿ ಜಿಲ್ಲೆಯವರು ತಮ್ಮ ನೆಲದಲ್ಲೇ ಪಡೆಯಬಹುದಾದದ್ದು ಮೂರನೆಯದು. ಮೊದಲಿನೆರಡನ್ನು ಕಾಶ್ಮೀರಕ್ಕೆ, ಇರಾನಿಗೆ ಬಿಡಬೇಕು. ಕ್ವಿನ್ಸ್ ಮರಕ್ಕೆ ಹೂಬಿಡಲು ಬೇಕಾದ ಚಳಿ ಈ ಬಿಸಿಲುನಾಡಿನಲ್ಲಿ ಇಲ್ಲ.

ಬಿಲ್ವಕ್ಕೆ ಚಿಂಚೋಳಿ ಹೇಳಿ ಮಾಡಿಸಿದ ನೆಲ. ತಾಲ್ಲೂಕಿನ ಎಲೆ ಉದುರುವ ಒಣಕಾಡಿನ 134.88 ಚದರ ಕಿಲೊಮೀಟರ್ 2011ರಲ್ಲಿ ವನ್ಯಜೀವಿಧಾಮವಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮವೆಂಬ ಹೆಸರು ಅದಕ್ಕಿದೆ. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟ ಎಲ್ಲ ಅದರ ಆಸುಪಾಸಿನಲ್ಲಿವೆ. ರಕ್ತಚಂದನ, ಶ್ರೀಗಂಧ ಅಲ್ಲಿ ಬೆಳೆಯುತ್ತವೆ. ಹಾಗೆಂದು ಒಣಕಾಯಿಗಾಗಿ ಆ ಕಾಡಿಗೆ ಚೀಲ ಹಿಡಿದು ನುಗ್ಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದಿಂದ ಅನುಮತಿಯಿಲ್ಲದೆ ಅರಣ್ಯೋತ್ಪನ್ನ ತೆಗೆಯುವುದನ್ನು ನಿಷೇಧಿಸುತ್ತದೆ. ಅದು ಸರಿಯಾದ ಕಾನೂನು; ಕಾಡಿನ ಕಾಯಿಗೆ ಕಾಡಿನ ಪ್ರಾಣಿಗಳಿವೆ. ಮನುಷ್ಯರ ಅಗತ್ಯಕ್ಕೆ ಗುಡಿ ಮಠಗಳ ಅಂಗಳ, ಶಾಲೆಯ ಮೈದಾನ, ತೊಗರಿ ಹೊಲದ ಬದು ಸಾಕು. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಯ ನೆಲದಲ್ಲಿ ಮಳೆ ಕೈಕೊಟ್ಟ ವರ್ಷ ರೈತನ ಕೈ ಖಾಲಿಯಾಗುತ್ತದೆ. ಬದುವಿನ ಬಿಲ್ವ ಮಳೆಯಿಲ್ಲದೆಯೂ ನಿಲ್ಲುತ್ತದೆ, ಕ್ಷಾರದ ಮಣ್ಣನ್ನೂ ತಾಳುತ್ತದೆ.

ಒಣಗಿಸುವ ಕೆಲಸವೂ ಹಳ್ಳಿಯ ಸ್ತ್ರೀಶಕ್ತಿ ಸಂಘಗಳ ಕೈಗೆ ದಕ್ಕುವಂಥದ್ದು. ಅರೆಬಲಿತ ಹಸಿರುಕಾಯಿಯನ್ನು ಚಳಿಗಾಲ ಮುಗಿಯುವುದರೊಳಗೆ ಕೀಳಬೇಕು. ನೆಲಕ್ಕೆ ಬಿದ್ದ ಹಣ್ಣು ಬೇಲ್‌ಗಿರಿಗೆ ಬರುವುದಿಲ್ಲ. ಚಿಪ್ಪು ಒಡೆದು ತೆಗೆದು, ತಿರುಳನ್ನು ಅಡ್ಡಲಾಗಿ ತೆಳ್ಳಗೆ ಸೀಳಿ, ನೆಲಕ್ಕೆ ಹರಡದೆ ಜಾಲರಿಯ ಮೇಲೆ ಬಟ್ಟೆ ಮುಚ್ಚಿ ಒಣಹಾಕಬೇಕು. ಸಿಮೆಂಟು ಕಾರ್ಖಾನೆ, ಪರಸಿಕಲ್ಲಿನ ಗಣಿಗಳ ಧೂಳಿರುವ ವಾಡಿ, ಶಹಾಬಾದ್, ಸೇಡಂ ಕಡೆ ಈ ಮುಚ್ಚಿಗೆಯನ್ನು ಬಿಡಲೇಬಾರದು. ಮುರಿದರೆ ಟಕ್ಕೆಂದು ಶಬ್ದ ಬರುವಷ್ಟು ಒಣಗಬೇಕು. ತೇವ ಉಳಿದ ಹೋಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಬೇಲ್‌ಗಿರಿ ಮದ್ದಲ್ಲ, ವಿಷ.

ಹೊಸದಾಗಿ ನೆಡುವವರಿಗೆ ತಳಿಗಳ ಕೊರತೆಯಿಲ್ಲ. ಲಖನೌದ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆ ಸಿಐಎಸ್‌ಎಚ್-ಬಿ-1, ಸಿಐಎಸ್‌ಎಚ್-ಬಿ-2 ಎಂಬ ಎರಡು ತಳಿಗಳನ್ನು ಕೊಟ್ಟಿದೆ. ಗುಜರಾತಿನ ಗೋಧ್ರಾ ಬಳಿಯ ವೇಜಲಪುರದಲ್ಲಿರುವ ಕೇಂದ್ರ ಒಣಬೇಸಾಯಕ್ಕೆಂದೇ ‘ಗೋಮ ಯಶಿ’ಯನ್ನು ಆರಿಸಿದೆ, ಮುಳ್ಳಿಲ್ಲದ ಗಿಡ್ಡ ಮರ, ತೆಳುಚಿಪ್ಪಿನ ಕಾಯಿ. ಬೀಜದಿಂದ ಎದ್ದ ಮರ ಕಾಯಿ ಬಿಡಲು ಎಂಟು ಹತ್ತು ವರ್ಷ ಕಾಯಿಸುತ್ತದೆ, ಕಸಿ ಮಾಡಿದ್ದು ನಾಲ್ಕೈದು ವರ್ಷಕ್ಕೇ ಫಲಕ್ಕೆ ಬರುತ್ತದೆ. ಊರಿನ ಹಳೆಯ ಮರಗಳಲ್ಲೂ ತಿರುಳು ಹೆಚ್ಚು, ಬೀಜ ಮತ್ತು ಗೋಂದು ಕಡಿಮೆ ಇರುವಂಥವು ಅಲ್ಲಲ್ಲಿ ಇರುತ್ತವೆ. ಗುಡಿಗೆ ಪತ್ರಿ ಕೀಳುವ ಪೂಜಾರಿಗಳಿಗೆ ಯಾವ ಮರದ ಕಾಯಿ ಹೇಗೆಂಬುದು ಬಾಯಿಪಾಠ. ಅವರನ್ನು ಕೇಳಿ ಅಂಥ ಮರಗಳ ಕಡ್ಡಿ ಕಸಿಗೆ ತೆಗೆದಿಟ್ಟುಕೊಂಡರೆ ಗುಜರಾತಿನವರೆಗೆ ಹೋಗದೆಯೂ ಕೆಲಸ ಆರಂಭಿಸಬಹುದು.